ಮದ್ದೂರು ದಾಟದ ಲಡಾಖ್ ಗಾಡಿ

ನಮ್ಮ ಚಿಕ್ಕಪ್ಪನ ಗಾಡಿಗೆ ಮದ್ದೂರು ದಾಟುವ ಯೋಗವಿಲ್ಲ ಎಂದು ಕಿರುಗಾವಲಿನ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಹೇಳುತ್ತಾರೆ. ವಡೆಯ ವಾಸನೆ ಬಡಿದರೆ ಸಾಕು, ಎಂಜಿನ್ನು ತಾನಾಗಿಯೇ ಮನೆ ಕಡೆ ತಿರುಗುತ್ತದಂತೆ! ಈ ವಾದವನ್ನು ನಾನು ಒಪ್ಪುವುದಿಲ್ಲ. ಎಂಜಿನ್ನಿಗೆ ಮೂಗಿಲ್ಲ. ಸ್ಟೀರಿಂಗ್ ಇರುವುದು ಚಿಕ್ಕಪ್ಪನ ಕೈಯಲ್ಲಿ. ಒಬ್ಬನೇ ಹೊರಟರೆ ಅದೇ ಗಾಡಿಯನ್ನು ಮಂಡ್ಯ ದಾಟಿಸಿ ಬಸರಾಳಿಗೆ ಓಡಿಸುತ್ತಾನೆ. ಆದ್ದರಿಂದ ದೋಷ ಗಾಡಿಯದಲ್ಲ, ಮಾಲೀಕನ ಗುಂಡಿಗೆಯದು. ಮೂರು ವರ್ಷದಿಂದ ನಾನು ಮನೆಯಲ್ಲಿ ಸಾಧಿಸಿಕೊಂಡು ಬಂದದ್ದು ಇದನ್ನೇ.

ಅದೊಂದು ಹಳೇ ಫೋರ್ ವೀಲ್ ಡ್ರೈವ್ ಪಿಕಪ್ಪು. ವಯಸ್ಸಿನಲ್ಲಿ ನನಗಿಂತ ದೊಡ್ಡದು, ಕೆಮ್ಮಿನಲ್ಲಿ ನಮ್ಮ ತಾತನಿಗಿಂತ. ಬೆನ್ನ ಮೇಲೆ ತಗಡಿನ ಗೂಡು. ಗೂಡಿನೊಳಗೆ ಮಂಚ, ಸ್ಟೌ, ನೀರಿನ ಡ್ರಮ್ಮು, ಎರಡು ಸೇರು ರಾಗಿ ಹಿಟ್ಟು. ಹಿಂಬಾಗಿಲ ಮೇಲೆ ಕೆಂಪಕ್ಷರದಲ್ಲಿ ‘ಕಿರುಗಾವಲು – ಲಡಾಖ್’. ಬರೆಸಿದ ವಾರವೇ ಬಸ್ ಸ್ಟಾಪಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಕೈ ಅಡ್ಡ ಹಾಕಿದರು.

“ಎಲ್ಲಿಗಪ್ಪ ಇದು?”

“ಲಡಾಖ್‌ಗೆ ಕಣಜ್ಜಿ.”

“ಮಳವಳ್ಳಿ ಮೇಲೆ ಓಯ್ತದಾ?”

“ಓಯ್ತದೆ.”

“ಅಂಗಾರೆ ಅಲ್ಲೇ ಇಳಿಸ್ಬುಡು, ಪುಣ್ಯ ಬತ್ತದೆ.”

ಇಳಿಸಿದ. ಆ ಗಾಡಿ ಹತ್ತಿದವರಲ್ಲಿ ತಲುಪಬೇಕಾದ ಕಡೆ ತಲುಪಿದವರು ಇವತ್ತಿಗೂ ಅವರೊಬ್ಬರೇ!

ಬಸರಾಳಿನ ಕಥೆ ಇನ್ನೂ ಚೆನ್ನ. ನೆಂಟರ ಮನೆಯ ಹಬ್ಬದೂಟ ಮುಗಿಸಿ, ಫೋರ್ ವೀಲ್ ಅಂದರೇನು ತೋರಿಸುತ್ತೇನೆಂದು ಗಾಡಿಯನ್ನು ಸೀದಾ ಕೆಸರುಗದ್ದೆಗೆ ಇಳಿಸಿದ. ಈ ಹಳೇ ಗಾಡಿಗಳಲ್ಲಿ ಸುಮ್ಮನೆ ಗೇರು ಹಾಕಿದರೆ ಆಗುವುದಿಲ್ಲ. ಕೆಳಗಿಳಿದು ಮುಂದಿನ ಎರಡೂ ಚಕ್ರದ ಬಿಲ್ಲೆಯನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು, ಆಮೇಲೇ ಮುಂದಿನ ಚಕ್ರಕ್ಕೆ ಬಲ. ಬದುವಿನ ಮೇಲೇ ಮಾಡಬೇಕಿದ್ದ ಈ ಕೆಲಸ ಚಿಕ್ಕಪ್ಪನಿಗೆ ನೆನಪಾದದ್ದು ಗದ್ದೆಯ ನಟ್ಟನಡುವೆ. ಆಗಲಾದರೂ ಇಳಿದನೇ? ಉಟ್ಟಿದ್ದು ನೆಂಟರು ಹಬ್ಬಕ್ಕೆ ಕೊಟ್ಟ ಹೊಸ ಬಿಳೀ ಪಂಚೆ!

“ಇಳ್ಯಣ್ಣ, ಲಾಕ್ ಮಾಡು!” ಬದುವಿನ ಮೇಲಿಂದ ನೆಂಟರ ಹುಡುಗ ಕೂಗಿದ.

“ಕೊಟ್ಟೋರ ಮುಂದೇನೇ ಪಂಚೆ ಕೆಸರು ಮಾಡ್ಕಂಡ್ರೆ ಏನಂದ್ಕತಾರ್ಲಾ?”

ಮರ್ಯಾದಸ್ಥ ಸೀಟಿನಲ್ಲೇ ಕೂತ. ಗಾಡಿ ಅಚ್ಚಿನ ತನಕ ಹೂತಿತು. ಕೊನೆಗೆ ಜೋಡೆತ್ತು ಕಟ್ಟಿ ಎಳೆದರು. ಎತ್ತಿನವನು ಹಗ್ಗ ಬಿಚ್ಚುತ್ತಾ ಕೇಳಿದ: “ಲಡಾಖ್‌ಗೆ ಈ ಎತ್ಗಳ್ನೂ ಕರ್ಕಂಡೋಯ್ತೀಯಾ ಅಣ್ಣ? ಮೇವು ನಿಂದೇಯಾ!”

ಇಂಥವನೊಂದಿಗೆ ವಾದಿಸಿ ಸಾಕಾಗಿ, ಕಳೆದ ತಿಂಗಳು ನಾನೇ ಸಾಕ್ಷಿಯಾಗಿ ಗಾಡಿ ಹತ್ತಿದೆ. ಹಿಂದಿನ ಮಂಚದ ಮೇಲೆ ನಾನು. ಮುಂದಿನ ಸೀಟಿಗೆ ತೆರೆದ ಕಿಂಡಿಯಾಚೆ ಚಿಕ್ಕಪ್ಪ, ಅವನ ಪಕ್ಕ ಚಿಕ್ಕಮ್ಮ. ನಮ್ಮ ಚಿಕ್ಕಮ್ಮ ಹೊರಗೂರಿನ ಮದುವೆಗೆ ಬಂದದ್ದನ್ನು ಯಾರೂ ಕಂಡಿಲ್ಲ. ಕರೆದರೆ, “ಅಸ ಕರಿಯೋರ್ಯಾರು?” ಅನ್ನುತ್ತಾಳೆ. ಲಡಾಖ್‌ಗೆಂದು ಅವಳೂ ಈ ಗಾಡಿ ಹತ್ತಿದ ದಿನ ಮಾತ್ರ ಆ ಹಸು ತನ್ನ ಹಾಲನ್ನು ತಾನೇ ಕರೆದುಕೊಳ್ಳುತ್ತಿತ್ತೇ? ಈ ಪ್ರಶ್ನೆ ನನಗೆ ಮೂರು ವರ್ಷ ಹೊಳೆಯಲಿಲ್ಲ ಎನ್ನುವುದೇ ನಾಚಿಕೆ.

ಮಳವಳ್ಳಿ ಕಳೆಯಿತು, ಕೆ.ಎಂ. ದೊಡ್ಡಿ ಕಳೆಯಿತು. ಮದ್ದೂರು ಬಂತು, ಬೆಂಗಳೂರಿನ ರಸ್ತೆ ಎದುರಿಗೇ ಬಿದ್ದುಕೊಂಡಿತ್ತು. ಗಾಡಿ ನಿಧಾನವಾಯಿತು.

“ಚಿಕ್ಕಪ್ಪ, ಡೀಸೆಲ್ ಅದೆ, ಟೈರು ಹೊಸ್ದು, ಇನ್ನೂ ಬೆಳಿಗ್ಗೆ. ತಿರುಗಿಸೋಕೆ ಒಂದೇ ಒಂದು ಕಾರಣ ಕೊಡು!”

“ಸುಮ್ಕಿರವ್ವ.”

“ಸುಮ್ಕಿರಲ್ಲ. ಎದ್ರಿಕೆ ಅಂತ ಒಪ್ಕೋ, ಮುಗೀತು.”

ಅವನು ಗಾಡಿಯನ್ನು ಪಕ್ಕಕ್ಕೆ ಹಾಕಿ, ಇಳಿದು, ಸುತ್ತಿ ಬಂದು ಚಿಕ್ಕಮ್ಮನ ಬಾಗಿಲು ತೆಗೆದ. ಅವಳು ರಸ್ತೆಯಂಚಿಗೆ ಬಗ್ಗಿ ವಾಂತಿ ಮಾಡಿದಳು. ಅವನ ಒಂದು ಕೈಯಲ್ಲಿ ಅವಳ ಜಡೆ, ಇನ್ನೊಂದರಲ್ಲಿ ನೀರಿನ ಚೊಂಬು. ಇಬ್ಬರಿಗೂ ಇದು ಎಷ್ಟೋ ಸಲ ಮಾಡಿ ರೂಢಿಯಾದ ಕೆಲಸದ ಹಾಗಿತ್ತು.

“ಇನ್ನೊಸಿ ದೂರ ಓಗುಮಾ ಕಣ್ರೀ, ಏನೂ ಆಗಕಿಲ್ಲ,” ಅಂದಳು ಬಾಯಿ ಒರೆಸಿಕೊಂಡು.

“ಸಾಕು ಬುಡು. ಮದ್ದೂರ್ಗಂಟ ಬಂದ್ಯಲ್ಲ.” ಆಮೇಲೆ ನನ್ನತ್ತ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದ: “ಮೊದಲ್ನೇ ವರ್ಸ ಮಳವಳ್ಳಿ ಮುಟ್ಟೋದ್ರೊಳಗೇ ಸುಸ್ತಾಗೋಳು. ಓದ್ವರ್ಸ ದೊಡ್ಡಿ. ಈ ವರ್ಸ ಓದಾಗ್ಲೆಲ್ಲ ಇಲ್ಲಿಗಂಟ. ಅವಳ್ಗೆ ಹಿಮ ನೋಡೋ ಆಸೆ ಕಣ್ಮಗ.”

“ಊರೋರ್ಗೆ ಇದ್ನ ಹೇಳ್ಬೋದಿತ್ತಲ್ಲ? ಮೂರು ವರ್ಷದಿಂದ ನಿನ್ನ ಪುಕ್ಕಲ ಅಂತಾವ್ರೆ!”

“ನನ್ನ ಅನ್ಲಿ ಬುಡು. ಅವಳ್ನ ಆಡ್ಕಬಾರ್ದು.”

ಮೂರು ವರ್ಷದ ನನ್ನ ವಾದವೆಲ್ಲ ರಸ್ತೆಯಂಚಿನ ಧೂಳಿನಲ್ಲಿ ಬಿದ್ದಿತ್ತು. ಪುಕ್ಕಲ ಎಂದು ಊರಿಗಿಂತ ಜೋರಾಗಿ ಕೂಗಿದವಳು ನಾನೇ ಅಲ್ಲವೇ?

ಚಿಕ್ಕಪ್ಪ ಚೊಂಬು ತೊಳೆಯಲು ಎದುರಿನ ನಲ್ಲಿಯತ್ತ ಹೋದ. ಚಿಕ್ಕಮ್ಮ ಸೀಟಿಗೊರಗಿ, ಅವನ ಬೆನ್ನನ್ನೇ ನೋಡುತ್ತಿದ್ದಳು. ಮುಖ ಸುಣ್ಣದಂತೆ ಬಿಳಿಚಿತ್ತು. ಅವಳು ಹಿಮದ ಮಾತೆತ್ತಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಕಿಂಡಿಯಲ್ಲಿ ತಲೆ ತೂರಿಸಿ, ಅವನಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದೆ:

“ಚಿಕ್ಕಮ್ಮ, ನಿಜ ಹೇಳು. ಹಿಮ ನೋಡೋ ಆಸೆ ನಿಂದಾ, ಅವನ್ದಾ?”