ಟಯರಿಗೆ ಹಾಲೆರೆದ ಭಾವ

ನಮ್ಮ ಭಾವ ಹೊಸತೇನಾದರೂ ಕೊಂಡರೆ ನನ್ನ ಭಾನುವಾರಗಳು ಹೋದವೆಂದೇ ಅರ್ಥ. ಮೀನಿನ ತೊಟ್ಟಿ ತಂದಾಗ ಹಾಗಾಯಿತು, ತಾರಸಿಯಲ್ಲಿ ಜೇನುಪೆಟ್ಟಿಗೆ ಇಟ್ಟಾಗ ಹಾಗಾಯಿತು. ಈ ಸಲ ಸೈಕಲ್. ನಾನು ಏನೂ ಮಾಡುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತೇನೆ. ಆದರೂ ಪ್ರತಿ ಸಲ ಹಾಳಾಗುವುದು ನನ್ನ ಅಂಗಿ.

೧. ಅಕ್ಕನ ಷರತ್ತು

ಭಾವ ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ಈಗ ಬೋಳಾರದ ಮನೆಯಲ್ಲಿ ನನ್ನ ಅಕ್ಕನ ಜೊತೆ ಆರಾಮಾಗಿದ್ದಾರೆ. ಹೊಟ್ಟೆ ಸ್ವಲ್ಪ ಮುಂದೆ ಬಂತೆಂದು ದಪ್ಪ ಟಯರಿನ ಸೈಕಲ್ ತಂದರು. ಮನೆಯ ಮುಂದೆ ನಿಲ್ಲಿಸಿ ಅಕ್ಕನಿಗೆ ವಿವರಿಸಿದರು. ಇದರ ಟಯರಿನೊಳಗೆ ಟ್ಯೂಬ್ ಇಲ್ಲ, ಬದಲಿಗೆ ಹಾಲಿನ ಹಾಗಿರುವ ಸೀಲೆಂಟ್ ಎಂಬ ದ್ರವ ಹಾಕಬೇಕು, ಮುಳ್ಳು ಚುಚ್ಚಿದರೆ ಆ ಹಾಲು ತೂತಿನ ಹತ್ತಿರ ಓಡಿ ಬಂದು ಅಲ್ಲಿಯೇ ಗಟ್ಟಿಯಾಗಿ ಕೂರುತ್ತದೆ, ಹಾಗಾಗಿ ಪಂಕ್ಚರ್ ಎಂಬ ಮಾತೇ ಇಲ್ಲ.

ಅಕ್ಕ ಪೂರ್ತಿ ಕೇಳಿದಳು. ಮತ್ತೆ ಸೈಕಲ್ಲಿನ ಕ್ರಯ ಕೇಳಿದಳು. ಭಾವ ಹೇಳಿದರು.

"ಟ್ಯೂಬ್ ಇಲ್ಲದೆಯೇ ಇಷ್ಟಾ? ಟ್ಯೂಬ್ ಇದ್ದಿದ್ದರೆ ಮನೆ ಅಡವಿಡಬೇಕಿತ್ತು."

ಅಕ್ಕನ ಸಿಟ್ಟಿಗೆ ಕಾರಣ ಇತ್ತು. ಭಾವ ಗಲ್ಫಿನಲ್ಲಿದ್ದಾಗಲೇ ಅವಳು ಕಾರು ಕಲಿತವಳು. ಭಾವ ಬಂದ ಮೇಲೆ ಅವರ ಹಳೆಯ ಸ್ಕೂಟರ್ ನಿಂತಲ್ಲೆಲ್ಲ ಕಾರು ತೆಗೆದುಕೊಂಡು ಹೋಗಿ ಕರೆತಂದದ್ದು ಅವಳೇ. ಒಮ್ಮೆಯಂತೂ ತೊಕ್ಕೊಟ್ಟಿನ ನಡುರಸ್ತೆಯಲ್ಲಿ ನೈಟಿಯಲ್ಲೇ ಇಳಿದು ಸ್ಕೂಟರ್ ನೂಕಿದ್ದಳು. ಹಾಗಾಗಿ ಅವಳ ಷರತ್ತು ಖಡಾಖಂಡಿತ: ದಾರಿಯಲ್ಲಿ ಪಂಕ್ಚರಾಯಿತು, ಕಾರು ತಾ ಎಂದು ಒಂದೇ ಒಂದು ಫೋನ್ ಬಂದರೂ ಅದೇ ದಿನ ಸೈಕಲ್ ಗುಜರಿಗೆ.

ಹೀಗಾಗಿ ಸೀಲೆಂಟಿನ ಆಯ್ಕೆ ಭಾವನಿಗೆ ಸೈಕಲ್ಲಿನ ಅಳಿವು ಉಳಿವಿನ ಪ್ರಶ್ನೆಯಾಯಿತು.

೨. ಡಾಕ್ಟರರ ಚೀಟಿ

ಅಂಗಡಿಯಲ್ಲಿ ಹಲವು ಬಗೆಯ ಸೀಲೆಂಟುಗಳಿದ್ದವು. ಒಂದು ಬೇಗ ಗಟ್ಟಿಯಾಗುತ್ತದೆ, ಬೇಗ ಒಣಗಿಯೂ ಹೋಗುತ್ತದೆ. ಇನ್ನೊಂದು ತಿಂಗಳುಗಟ್ಟಲೆ ಬರುತ್ತದೆ, ಆದರೆ ತೂತು ಮುಚ್ಚಲು ಹೊತ್ತು ತೆಗೆದುಕೊಳ್ಳುತ್ತದೆ. ಒಂದರಲ್ಲಿ ಅಮೋನಿಯಾ ಉಂಟು, ಒಂದರಲ್ಲಿ ಇಲ್ಲ. ನಾನು ಲೈಬ್ರರಿಯಲ್ಲಿ ಕೆಲಸ ಮಾಡುವವನಾದ್ದರಿಂದ ಇದೆಲ್ಲ ನನಗೆ ಗೊತ್ತಿರಬೇಕೆಂದು ಭಾವ ತಿಳಿದಿದ್ದರು. ಗೊತ್ತಿಲ್ಲ ಎಂದೆ. ಇಷ್ಟು ವರ್ಷ ಎಂತ ಓದಿದ್ದು ಎಂದು ಕೇಳಿದರು.

ಅತ್ತಾವರದಲ್ಲಿ ಭಾವನ ಬಿಪಿ ನೋಡುವ ಡಾಕ್ಟರೂ ಇಂಥದ್ದೇ ಸೈಕಲ್ ಓಡಿಸುವವರು. ಭಾವ ಟೋಕನ್ ತೆಗೆದುಕೊಂಡು, ರೋಗಿಗಳ ನಡುವೆ ಕೂತು, ಸರದಿ ಬಂದಾಗ ಒಳಗೆ ಹೋಗಿ ಟಯರಿನ ವಿಷಯ ತೆಗೆದರು. ಡಾಕ್ಟರರಿಗೂ ಬೆಳಗಿನಿಂದ ಕೆಮ್ಮು ಕೇಳಿ ಕೇಳಿ ಸಾಕಾಗಿತ್ತೋ ಏನೋ, ಉತ್ಸಾಹ ಬಂತು. ರಕ್ತ ಹೆಪ್ಪುಗಟ್ಟುವ ಹಾಗೆಯೇ ಇದೂ ಎಂದು ತಿಳಿಸಿ ಹೇಳಿದರು. ಕೊನೆಗೆ ಕೈಗೆ ಸಿಕ್ಕಿದ ಚೀಟಿಯಲ್ಲಿ ಒಂದು ಸೀಲೆಂಟಿನ ಹೆಸರು ಬರೆದು, ಕೆಳಗೆ ಎಷ್ಟು ಎಂಎಲ್, ಎಷ್ಟು ತಿಂಗಳಿಗೊಮ್ಮೆ ಎಂದೂ ಬರೆದರು. ಚೀಟಿ ಎಂದರೆ ಅವರ ಔಷಧಿ ಚೀಟಿಯೇ.

ಅದು ಭಾವನ ಜೇಬಿನಲ್ಲಿತ್ತು. ಅಂಗಿ ಒಗೆಯಲು ತೆಗೆದ ಅಕ್ಕ ಅದನ್ನು ನೋಡಿ, ಗಂಡ ಕಾಯಿಲೆ ಮುಚ್ಚಿಟ್ಟಿದ್ದಾರೆಂದು ಹೆದರಿ, ಯಾರಿಗೂ ಹೇಳದೆ ಹತ್ತಿರದ ಮೆಡಿಕಲ್ಲಿಗೆ ಹೋದಳು. ಅಂಗಡಿಯವನು ಚೀಟಿಯನ್ನು ಬೆಳಕಿಗೆ ಹಿಡಿದು ಓದಿದ. ಒಳಗೆ ಹೋಗಿ ಹುಡುಕಿ ಬಂದ.

"ಇದು ಸ್ಟಾಕ್ ಇಲ್ಲ ಅಕ್ಕ. ಬೇರೆ ಕಂಪನಿದ್ದು ಉಂಟು, ಒಳಗಿನದ್ದು ಎಲ್ಲ ಸೇಮ್. ಕೊಡ್ಲಾ?"

೩. ಹಲಸಿನ ಅಭ್ಯಾಸ

ಡಾಕ್ಟರು ಬರೆದ ಸೀಲೆಂಟ್ ಕೊನೆಗೆ ಸೈಕಲ್ ಅಂಗಡಿಯಲ್ಲೇ ಸಿಕ್ಕಿತು. ಅಂಗಡಿಯಲ್ಲೇ ಹಾಕಿಸಿ ಎಂದೆ. ಗಲ್ಫಿನಲ್ಲಿ ಕ್ರೇನಿನ ಟಯರ್ ಕಂಡವರಿಗೆ ಇದು ಯಾವ ಲೆಕ್ಕ ಎಂದರು.

ಜಗಲಿಯಲ್ಲಿ ಪೇಪರ್ ಹಾಸಿದೆವು. ಭಾವ ಬಾಟಲಿಯ ಮುಚ್ಚಳ ತೆಗೆದು ಒಂದು ಹನಿ ಬೆರಳಿಗೆ ಹಾಕಿ ಉಜ್ಜಿ ನೋಡಿದರು. ಅಂಟು. "ಇದು ನಮ್ಮ ಹಲಸಿನ ಮೇಣವೇ ಮಾರಾಯ" ಎಂದವರು ಒಳಗೆ ಹೋಗಿ ತೆಂಗಿನೆಣ್ಣೆ ತಂದರು. ಹಲಸಿನಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಹಚ್ಚುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಭಾವ ಮೊಣಕೈವರೆಗೆ ಹಚ್ಚಿಕೊಂಡರು, ನನಗೂ ಹಚ್ಚಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೊಸ ಸೈಕಲ್ ಅಂಟಂಟಾಗಬಾರದೆಂದು ರಿಮ್ಮಿಗೆ, ಟಯರಿನ ಅಂಚಿಗೆ, ಒಳಮೈಗೆ, ಎಲ್ಲ ಕಡೆ ಮದುಮಗನಿಗೆ ಹಚ್ಚಿದ ಹಾಗೆ ಎಣ್ಣೆ ಹಚ್ಚಿದರು. ಮೇಲೆ ಹಾಲು ಎರೆದು ಪಂಪು ಹೊಡೆದರು.

ಗಾಳಿ ಒಂದು ಕಡೆಯಿಂದ ಹೋಗಲಿಲ್ಲ, ಸುತ್ತಲಿಂದಲೂ ಹೋಯಿತು. ಹಾಲು ಟಯರಿನ ಅಂಚಿನಿಂದ ಜಾರಿ ಜಾರಿ ಹೊರಗೆ ಬಂದು ನನ್ನ ಅಂಗಿ ಸೇರಿತು. ಭಾವ ಸೀಲೆಂಟಿನ ಕಂಪನಿಯನ್ನು ಬೈಯತೊಡಗಿದರು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಂಟಬಾರದು ಅಂತಲ್ವಾ ಎಣ್ಣೆ ಹಚ್ಚಿದ್ದು? ಅಂಟಲಿಲ್ಲ. ಮತ್ತೆ ಬೈಯುದು ಎಂತಕ್ಕೆ?"

೪. ತೋಟದ ಹಾಲು

ವಿಷಯ ಬೆಳ್ತಂಗಡಿ ಕಡೆಯಲ್ಲಿ ರಬ್ಬರ್ ತೋಟ ಇರುವ ಭಾವನ ದೊಡ್ಡಮ್ಮನ ಮಗನ ಕಿವಿಗೆ ಬಿತ್ತು. ಅವರು ನೊಂದುಕೊಂಡರು. ಸೀಲೆಂಟ್ ಎಂದರೆ ರಬ್ಬರಿನ ಹಾಲು, ತೋಟದಲ್ಲಿ ದಿನಾ ಬಕೆಟ್ ಬಕೆಟ್ ಇಳಿಯುವಾಗ ಅಣ್ಣ ಅಂಗಡಿಯಿಂದ ತರುವುದೇ ಎಂದರು. ಮರುದಿನ ಬೆಳಿಗ್ಗೆ ನೀರಿನ ಬಾಟಲಿಯಲ್ಲಿ ತುಂಬಿಸಿ ತಾವೇ ಬಸ್ಸು ಹತ್ತಿ ತಂದರು. ಎಣ್ಣೆ ಒರೆಸಿದ ಟಯರಿಗೆ ತಾವೇ ಎರೆದರು, ಊಟ ಮಾಡಿ ಹೋದರು. ಹಾಲು ಗಟ್ಟಿಯಾಗದಿರಲು ಅದಕ್ಕೆ ಬೆರೆಸುವ ಔಷಧಿಯನ್ನು ಬೆರೆಸಿದ್ದೇನೋ ಇಲ್ಲವೋ ಎಂದು ಅವರಿಗೆ ಸಂಶಯ ಬಂದದ್ದು ಊರು ಮುಟ್ಟಿದ ಮೇಲೆ.

ಅದರ ಮರುದಿನ ಬೆಳಿಗ್ಗೆ ಭಾವ ಸೈಕಲ್ ಹತ್ತಿ ಗೇಟು ದಾಟಿದರು. ಹಿಂದಿನ ಚಕ್ರ ತಿರುಗಿದ ಹಾಗೆ ಒಳಗೆ ಏನೋ ದಡ್, ದಡ್ ಎಂದು ಬೀಳುತ್ತಿತ್ತು. ಭಾವ ಕುದುರೆಯ ಮೇಲೆ ಕೂತವರ ಹಾಗೆ ಸೀಟಿನಿಂದ ಏಳುತ್ತ ಕೂರುತ್ತ ಮಂಗಳಾದೇವಿಯವರೆಗೆ ಹೋಗಿ ಬಂದರು. ಟಯರ್ ಬಿಚ್ಚಿದಾಗ ಒಳಗೆ ಮುಷ್ಟಿಗಾತ್ರದ ಬಿಳಿಯ ಮುದ್ದೆ.

ಆ ಮುದ್ದೆಯನ್ನು ಅಕ್ಕ ಬಿಸಾಡಲಿಲ್ಲ. ಗಾಳಿಗೆ ಬಡಿಯುವ ಹಿಂಬಾಗಿಲಿಗೆ ಒತ್ತಾಗಿ ಇಟ್ಟಿದ್ದಾಳೆ. ಬಂದವರಿಗೆ ತೋರಿಸಿ ಹೇಳುತ್ತಾಳೆ: "ಸೈಕಲ್ಲಿನಿಂದ ಮನೆಗೆ ಆದ ಉಪಕಾರ."

೫. ಬಜಪೆಯಿಂದ ವಾಪಸು

ಕೊನೆಗೆ ಟಯರನ್ನು ಸೋಪು ಹಾಕಿ ತೊಳೆದು, ಡಾಕ್ಟರು ಬರೆದದ್ದನ್ನೇ ಮತ್ತೆ ತಂದು ಅಂಗಡಿಯಲ್ಲಿ ಹಾಕಿಸಿದರು. ಮುಂದಿನ ಭಾನುವಾರ ಬಜಪೆಗೆ ಹೋಗಿ ಬರುವುದೆಂದಾಯಿತು. ನಾನು ನನ್ನ ಹಳೆಯ ಸೈಕಲ್ಲಿನಲ್ಲಿ ಹಿಂದೆ.

ಹೋಗುವಾಗ ತೊಂದರೆ ಇರಲಿಲ್ಲ. ಬರುವಾಗ ರಸ್ತೆಯ ಬದಿಯಲ್ಲಿ ಬಿದ್ದಿದ್ದ ತಗಡಿನ ಚೂರು ಭಾವನ ಹಿಂದಿನ ಟಯರನ್ನು ಸೀಳಿತು. ಮುಳ್ಳಿನ ತೂತಾದರೆ ಹಾಲು ಮುಚ್ಚುತ್ತಿತ್ತು, ಇದು ಹೆಬ್ಬೆರಳು ಹೋಗುವಷ್ಟು. ಚಕ್ರ ಸುತ್ತಿದಷ್ಟು ಸಲ ಹಾಲು ಹಿಂದಕ್ಕೆ ಚಿಮ್ಮಿತು. ಹಿಂದೆ ಇದ್ದದ್ದು ನಾನು.

ಅಕ್ಕನಿಗೆ ಫೋನ್ ಮಾಡೋಣ ಎಂದೆ. ಭಾವ ತಮ್ಮ ಫೋನ್ ಸ್ವಿಚ್ ಆಫ್ ಮಾಡಿದರು, ನನ್ನದನ್ನೂ ಕೇಳಿ ತೆಗೆದುಕೊಂಡು ಆಫ್ ಮಾಡಿದರು. ರಿಕ್ಷಾದವ ಸೈಕಲ್ ನೋಡಿ ತಲೆಯಾಡಿಸಿದ. ಬಸ್ಸಿನ ಕಂಡಕ್ಟರ್ ನನ್ನ ಮುಖ ನೋಡಿ ವಿಸಿಲ್ ಊದಿದ. ಆಗ ಬಂತು ಒಂದು ಆಂಬುಲೆನ್ಸ್. ಬಜಪೆಯಲ್ಲಿ ಗುಣವಾದ ರೋಗಿಯೊಬ್ಬರನ್ನು ಮನೆಗೆ ಬಿಟ್ಟು ಖಾಲಿ ಬರುತ್ತಿತ್ತು. ಡ್ರೈವರ್ ಬೋಳಾರದವನೇ, ಭಾವನ ಪರಿಚಯದವನು. "ಹತ್ತಿ ಮಾರಾಯ್ರೆ, ನಾನೂ ಮನೆಗೇ ಹೋಗುದು" ಎಂದ.

ಭಾವನ ಸೈಕಲ್ಲನ್ನು ಸ್ಟ್ರೆಚರಿನಲ್ಲಿ ಮಲಗಿಸಿ ಬೆಲ್ಟು ಬಿಗಿದೆವು. ಯಾರಾದರೂ ನೋಡಿದರೆ ಕಂಪ್ಲೇಂಟ್ ಆಗುತ್ತದೆಂದು ಡ್ರೈವರ್ ಅದರ ಮೇಲೆ ಬಿಳಿ ಬಟ್ಟೆ ಹೊದಿಸಿದ. ನನ್ನದು ಕೆಳಗೆ. ಭಾವ ತಲೆಯ ಕಡೆ ಕೂತರು, ನಾನು ಕಾಲಿನ ಕಡೆ.

ಬೋಳಾರ ಮುಟ್ಟುವವರೆಗೆ ಸದ್ದಿಲ್ಲದೆ ಬಂದೆವು. ಮನೆಯ ಓಣಿಗೆ ಯಾರೋ ಕಾರು ಅಡ್ಡ ನಿಲ್ಲಿಸಿದ್ದರು. ಡ್ರೈವರ್ ಅಭ್ಯಾಸಬಲದಿಂದ ಒಂದು ಸಣ್ಣ ಸೈರನ್ ಕೊಟ್ಟ. ಓಣಿಯ ಕಿಟಕಿಗಳೆಲ್ಲ ತೆರೆದವು. ಆಂಬುಲೆನ್ಸ್ ಅಕ್ಕನ ಗೇಟಿನ ಮುಂದೆ ನಿಂತಿತು.

ಎರಡೂ ಫೋನ್ ಹತ್ತದೆ ಕಂಗಾಲಾಗಿದ್ದ ಅಕ್ಕ ದೋಸೆ ಹುಯ್ಯುವ ಸೌಟು ಹಿಡಿದೇ ಓಡಿ ಬಂದಳು. ಮೊದಲು ಇಳಿದದ್ದು ನಾನು, ಮುಖವೆಲ್ಲ ಬಿಳಿ. ಏನೂ ಆಗಲಿಲ್ಲ ಎಂದೆ. ಅಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದು ಅದನ್ನೇ ಆದ್ದರಿಂದ ಅಕ್ಕ ನಂಬಲಿಲ್ಲ. ನನ್ನ ಹಿಂದಿನಿಂದ ಬಿಳಿ ಬಟ್ಟೆ ಹೊದಿಸಿದ ಸ್ಟ್ರೆಚರ್ ಇಳಿಯಿತು. ಅಕ್ಕ ಮೆಟ್ಟಿಲಿನ ಮೇಲೆ ಕುಸಿದು ಕೂತಳು. ಆಗ ಸ್ಟ್ರೆಚರಿನ ಹಿಂದಿನ ತುದಿ ಹಿಡಿದುಕೊಂಡು ಭಾವ ಇಳಿದರು. ಮೊದಲು ಹೇಳಿದ ಮಾತು, "ನಾನು ಫೋನ್ ಮಾಡ್ಲಿಲ್ಲ, ನೋಡು."

ಅಕ್ಕ ಎದ್ದಳು. ಬಟ್ಟೆ ಎತ್ತಿ ನೋಡಿದಳು. ಮತ್ತೆ ಸೌಟು ಹಿಡಿದುಕೊಂಡೇ ಒಳಗೆ ಹೋದಳು.

ಮಧ್ಯಾಹ್ನದೊಳಗೆ ಸುದ್ದಿ ಊರೆಲ್ಲ ಆಗಿತ್ತು. ಒಬ್ಬರು ಬ್ರೆಡ್ಡು ತಂದರು, ಒಬ್ಬರು ಎಳನೀರಿನ ಬೊಂಡ ತಂದರು. ಬಂದವರಿಗೆಲ್ಲ ಭಾವ ಆರೋಗ್ಯವಾಗಿ ಕೂತಿರುವುದನ್ನು ತೋರಿಸಿ, ಕಾರಣ ಹೇಳಿ, ಚಹಾ ಮಾಡಿ ಕೊಡುವುದರಲ್ಲಿ ಅಕ್ಕ ಹೈರಾಣಾದಳು. ಕೊನೆಯವರು ಹೋದ ಮೇಲೆ ಭಾವನ ಎದುರು ಬಂದು ನಿಂತಳು. ಗುಜರಿಯವನನ್ನು ಕರೆಯುತ್ತಾಳೆಂದು ಭಾವ ಸೈಕಲ್ಲಿನ ಕಡೆ ಒಮ್ಮೆ ನೋಡಿದರು.

"ಇನ್ನು ಮೇಲೆ ಪಂಕ್ಚರಾದರೆ ಎಲ್ಲಿದ್ದರೂ ನನಗೇ ಫೋನ್ ಮಾಡ್ಬೇಕು. ಕಾರು ತಕ್ಕೊಂಡು ನಾನೇ ಬರ್ತೇನೆ. ಇನ್ನೊಂದು ಸಲ ಆ ಆಂಬುಲೆನ್ಸ್ ಈ ಗೇಟಿಗೆ ಬರ್ಬಾರ್ದು."

ಭಾವ ತಲೆ ತಗ್ಗಿಸಿ ಒಪ್ಪಿಕೊಂಡರು.

ಮರುದಿನ ಹೊಸ ಟಯರಿಗೆ ಯಾವ ಸೀಲೆಂಟ್ ಹಾಕಿಸುವುದೆಂದು ನಾನೇ ಕೇಳಿದೆ. ಭಾವ ಅಡುಗೆಮನೆಯ ಕಡೆ ನೋಡಿ, ಸ್ವರ ತಗ್ಗಿಸಿ ಹೇಳಿದರು:

"ಇನ್ನು ಸೀಲೆಂಟ್ ಎಂತಕ್ಕೆ ಮಾರಾಯ?"