ಕೋಟಿನ ಜೇಬಿನ ಮಾತ್ರೆ

ಲಾಂಡ್ರಿಯ ಇಸ್ತ್ರಿಯಕ್ಕನ ಹತ್ತಿರ ತಲೆನೋವಿನ ಮಾತ್ರೆ ಒಂದೇ ಒಂದು ಉಳಿದಿತ್ತು. ಅದು ಉಳಿದದ್ದೇ ತಪ್ಪಾಯಿತು.

ಅವಳದು ಅರೆತಲೆನೋವು. ಬಂತೆಂದರೆ ಎಡಗಣ್ಣಿನ ಹಿಂದೆ ಯಾರೋ ಕುಳಿತು ಮೊಳೆ ಹೊಡೆದಂತೆ. "ಇನ್ನೊಂದ್ಸಲ ಅರ್ಧಕ್ಕೇ ಮನೆಗೆ ಹೋದ್ರೆ, ಆಮೇಲೆ ಮನೇಲೇ ಇರು" ಎಂದು ಮಾಲೀಕ ಬೇರೆ ಹೇಳಿಬಿಟ್ಟಿದ್ದ. ಎದುರಿನ ಡಾಕ್ಟರು ಬರೆದುಕೊಟ್ಟ ಮಾತ್ರೆ ನೋವನ್ನು ಇಳಿಸುತ್ತಿತ್ತು, ಬಿಪಿಯನ್ನೂ ಇಳಿಸುತ್ತಿತ್ತು. ಅವಳ ಬಿಪಿ ಮೊದಲೇ ಪಾತಾಳದಲ್ಲಿ. ಅದನ್ನು ಮೇಲೆತ್ತಲು ಇನ್ನೊಂದು ಮಾತ್ರೆ. "ನಿಮ್ಮದನ್ನ ಯಾರಿಗೂ ಕೊಡಬೇಡಿ, ಯಾರದ್ದನ್ನೂ ನೀವು ನುಂಗಬೇಡಿ" ಎಂದು ಡಾಕ್ಟರು ಬೆರಳೆತ್ತಿ ಹೇಳಿದ್ದರು. ಚೀಟಿ ಇಲ್ಲದೆ ಔಷಧಿ ಅಂಗಡಿಯವನೂ ಕೊಡುತ್ತಿರಲಿಲ್ಲ.

ಆದರೆ ಲಾಂಡ್ರಿಯವರಿಗೆ ಅವಳ ಚೀಲವೇ ಔಷಧಿ ಅಂಗಡಿ.

"ಏ ಹುಡುಗಿ, ಒಂದು ಮಾತ್ರೆ ಕೊಡೇ, ಮಂಡಿನೋವು" ಎಂದಳು ಗುಂಡಿ ಹೊಲಿಯುವ ಚಿಕ್ಕಮ್ಮ.

"ಇದು ತಲೆನೋವಿಂದು ಚಿಕ್ಕಮ್ಮ."

"ತಲೆ ಯಾವುದು, ಮಂಡಿ ಯಾವುದು ಅಂತ ಮಾತ್ರೆಗೇನು ಗೊತ್ತು?"

"ಗೊತ್ತಿರಲಿ, ಬಿಡಲಿ. ಕೊಡಲ್ಲ."

ಅವಳ ಬಾಯಿಂದ 'ಕೊಡಲ್ಲ' ಬಂದದ್ದು ಅದೇ ಮೊದಲು. ಇಸ್ತ್ರಿಯ ಹಬೆ ಕೂಡ ಒಂದು ಗಳಿಗೆ ನಿಂತಂತಾಯಿತು.

"ಅಬ್ಬಾ, ಬಿಂಕವೇ!" ಎಂದ ಒಗೆಯುವ ಮೆಷಿನ್ ಅಣ್ಣ. "ನನ್ನ ತಲೆನೂ ಸಿಡೀತಿದೆ ಕಣಮ್ಮ."

"ಸಿಡೀಲಿ ಅಣ್ಣ. ಚೂರುಗಳನ್ನ ಗುಡಿಸಿ ಕೊಡ್ತೀನಿ, ಮಾತ್ರೆ ಕೊಡಲ್ಲ."

ತಿರುಗುವಷ್ಟರಲ್ಲಿ ಚಿಕ್ಕಮ್ಮನ ಕೈ ಚೀಲದೊಳಗೆ ಮೊಣಕೈವರೆಗೆ ಇಳಿದಿತ್ತು. ಈಗಲೇ ನುಂಗಿಬಿಡೋಣವೆಂದರೆ, ನೋವು ಶುರುವಾದ ಮೇಲೆ ನುಂಗಬೇಕಾದ ಮಾತ್ರೆ ಅದು. ಇಸ್ತ್ರಿಯಕ್ಕ ಚೀಲ ಕಿತ್ತುಕೊಂಡು, ಯಾರೂ ನೋಡದಾಗ ಮಾತ್ರೆಯನ್ನು ತೆಗೆದು, ಆಗಷ್ಟೇ ಇಸ್ತ್ರಿ ಮಾಡಿ ತೂಗುಹಾಕಿದ್ದ ಬಿಳಿ ಕೋಟಿನ ಜೇಬಿಗೆ ಸೇರಿಸಿದಳು. ಚಿಕ್ಕಮ್ಮ, ಅಣ್ಣ ಸೇರಿ ಅವಳ ಊಟದ ಡಬ್ಬಿ ಹುಡುಕಿದರು, ಚಪ್ಪಲಿ ಕೊಡವಿದರು. ಅವಳು ನಗುತ್ತಾ ಹೊದಿಕೆಗಳಿಗೆ ಇಸ್ತ್ರಿ ಹಾಕಿದಳು.

ಮಧ್ಯಾಹ್ನ ಎಡಗಣ್ಣಿನ ಹಿಂದೆ ಮೊದಲ ಮೊಳೆ ಬಿತ್ತು. ತಿರುಗಿ ನೋಡಿದರೆ ಬರೀ ಹ್ಯಾಂಗರು.

"ಬಿಳಿ ಕೋಟು ಎಲ್ಲಿ?"

"ಎದುರಿನ ಡಾಕ್ಟರದ್ದಲ್ವಾ? ಬಂದು ಹಾಕ್ಕೊಂಡೇ ಹೋದರು" ಎಂದ ಮಾಲೀಕ. "ಏಯ್, ನೀನೆಲ್ಲಿಗೆ ಹೊರಟೆ?"

"ಮನೆಗೆ ಹೋಗಬೇಡ ಅಂದಿದ್ರಿ. ಮನೆಗೆ ಹೋಗ್ತಿಲ್ಲ!"

ಕ್ಲಿನಿಕ್ಕಿನಲ್ಲಿ ಡಾಕ್ಟರು ರೋಗಿಗಳ ಮಂಚದ ಮೇಲೆ ಒಗೆದು ಹಿಂಡಿದ ಬಟ್ಟೆಯಂತೆ ಬಿದ್ದಿದ್ದರು. ನರ್ಸಮ್ಮ ಗಾಳಿ ಬೀಸುತ್ತಿದ್ದಳು.

"ಡಾಕ್ಟ್ರೇ, ಕೋಟಿನ ಜೇಬಲ್ಲಿ ನನ್ನ ಮಾತ್ರೆ..."

"ನಿಮ್ಮದಾ ಅದು?" ಎಂದರು ಡಾಕ್ಟರು ಕ್ಷೀಣವಾಗಿ. "ಬೆಳಿಗ್ಗೆಯಿಂದ ತಲೆನೋವು. ಜೇಬಿಗೆ ಕೈ ಹಾಕಿದೆ, ಸಿಕ್ತು. ನಾನೇ ಇಟ್ಟಿದ್ದು ಅಂದ್ಕೊಂಡು ನುಂಗಿದೆ. ನೋವು ಹೋಯ್ತು. ಬಿಪಿನೂ ಹೋಯ್ತು."

"ಹಾಗಿದ್ರೆ ಹೊಸ ಚೀಟಿ ಬರೆದುಕೊಡಿ."

"ತಲೆ ಎತ್ತಿದ್ರೆ ಗೋಡೆ ತಿರುಗುತ್ತಮ್ಮ. ಬಿಪಿ ಏರಿಸೋ ಮಾತ್ರೆ ನಿಮ್ಮ ಹತ್ರ ಇದೆಯಲ್ಲ, ಒಂದು ಕೊಡಿ."

ಇಸ್ತ್ರಿಯಕ್ಕ ಅವರಂತೆಯೇ ಬೆರಳೆತ್ತಿದಳು. "ಯಾರಿಗೂ ಕೊಡಬಾರದು ಡಾಕ್ಟ್ರೇ. ನೀವೇ ಹೇಳಿದ್ದು."

"ಕೊಟ್ರೆ ತಾನೇ ಅಕ್ಕ, ಅವರು ಎದ್ದು ಚೀಟಿ ಬರೆಯೋದು?" ಎಂದಳು ನರ್ಸಮ್ಮ.

"ಕೊಡಲ್ಲ" ಎಂದು ಇಸ್ತ್ರಿಯಕ್ಕ ಬೆಂಚಿನ ಮೇಲೆ ಗಟ್ಟಿಯಾಗಿ ಕುಳಿತಳು.

ಎಡಗಣ್ಣಿನ ಹಿಂದಿನವನು ಎರಡನೇ ಮೊಳೆ ಎತ್ತಿಕೊಂಡ.