ಹಿಂದಿನ ಸೀಟಿನವರು

ನಮ್ಮ ಅತ್ತೆಗೆ ದೆವ್ವದ ಭಯ ಇಲ್ಲ. ದೆವ್ವಗಳಿಗೇ ನಮ್ಮ ಅತ್ತೆಯ ಭಯ ಇರಬೇಕು ಅನ್ನೋದು ನನ್ನ ಅನುಮಾನ! ನನ್ನ ಸೋದರತ್ತೆ, ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತರಾದವರು. ಕನ್ನಡಕದ ಮೇಲಿಂದ ಒಂದು ಸಲ ನೋಡಿದರೆ ಸಾಕು, ಗೋಡೆಯ ಮೇಲಿನ ಹಲ್ಲಿ ಕೂಡ ತನ್ನ ಹೋಂವರ್ಕ್ ಎಲ್ಲಿಟ್ಟೆ ಅಂತ ಹುಡುಕಬೇಕು.

ಅವರದ್ದು ಇನ್ನೊಂದು ವಿಚಿತ್ರ ಸ್ವಭಾವವಿದೆ. ಯಾವ ವಸ್ತುವನ್ನೂ ನೋಡಿ ಕೊಳ್ಳುವುದಿಲ್ಲ. "ಕಣ್ಣು ಮೋಸ ಹೋಗುತ್ತೆ ಕಣೋ, ಕಿವಿ ಹೋಗಲ್ಲ. ಮಾರೋರ ದನಿ ಕೇಳಿದ್ರೆ ಮಾಲು ಎಂಥದು ಅಂತ ಗೊತ್ತಾಗಿಬಿಡುತ್ತೆ" ಅನ್ನುತ್ತಾರೆ. ಹೀಗೆ ದನಿ ನಂಬಿ ತರಿಸಿದ ಹಳೇ ಫ್ರಿಡ್ಜು ಹಾಲನ್ನು ಬೆಚ್ಚಗೆ ಇಡುತ್ತಿತ್ತು. "ಮಾರಿದವರ ದನೀನೂ ಬೆಚ್ಚಗೇ ಇತ್ತು, ನಾನೇ ಗಮನಿಸಬೇಕಿತ್ತು" ಅಂದರೇ ಹೊರತು ಸಿದ್ಧಾಂತ ಮಾತ್ರ ಬಿಡಲಿಲ್ಲ!

ಮಾವ ತೀರಿಕೊಂಡ ಮಾರನೇ ವರ್ಷ ಅತ್ತೆಗೆ ಇದ್ದಕ್ಕಿದ್ದಂತೆ ಹಳೇ ಕಾಲದ ಕಾರು ಬೇಕು ಅನ್ನಿಸಿತು. ಪಕ್ಕದ ಬಡಾವಣೆ ಯಾದವಗಿರಿಯಲ್ಲಿ ವಯಸ್ಸಾದ ಯಜಮಾನರೊಬ್ಬರು ಮಾರುತ್ತಾರೆಂದು ಯಾರೋ ಹೇಳಿದರು. ಅತ್ತೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನ್ ಮಾಡಿದರು. ಆ ಕಡೆಯಿಂದ ತುಂಬ ದೂರದ ಬಾವಿಯೊಳಗಿಂದ ಬಂದಂಥ ದನಿ.

"ತುಕ್ಕು ಹಿಡಿದಿದೆ ಅಮ್ಮಾ. ಎಂಜಿನ್ ರಿಪೇರಿ ಮಾಡಿಸಿದ್ರೆ ಓಡುತ್ತೆ. ಆದ್ರೆ ಮೊದಲೇ ಹೇಳಿಬಿಡ್ತೀನಿ, ಹಿಂದಿನ ಸೀಟು ಖಾಲಿ ಇಲ್ಲ."

ನನ್ನ ತೋಳಿನ ಕೂದಲೆಲ್ಲ ನಿಂತವು. ಅತ್ತೆ ಕೇಳಿದ್ದೇನು ಗೊತ್ತೇ? "ಅವರಿಗೆ ಕಿಟಕಿ ಗಾಳಿ ಆಗುತ್ತೋ ಇಲ್ಲವೋ?"

"ಆಗುತ್ತಮ್ಮಾ. ಗಾಳಿ ಅಂದ್ರೆ ಇಷ್ಟ" ಅಂತ ಉತ್ತರ ಬಂತು. ವ್ಯಾಪಾರ ಮುಗಿಯಿತು!

ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಜಯಲಕ್ಷ್ಮಿಪುರಂನ ಅತ್ತೆ ಮನೆಗೆ ತಂದಿಳಿಸಿದರು. ಕಾರು ಅನ್ನುವುದಕ್ಕಿಂತ ಕಾರಿನ ಆಕಾರದಲ್ಲಿ ನಿಂತಿದ್ದ ತುಕ್ಕು ಅಂದರೆ ಸರಿ. ಬಾನೆಟ್ ಮುಟ್ಟಿದರೆ ಕೈಗೆ ಕೆಂಪು ಪುಡಿ ಹತ್ತುತ್ತಿತ್ತು. ಆದರೆ ಹಿಂದಿನ ಎಡಗಡೆ ಕಿಟಕಿಯ ಗಾಜು ಮಾತ್ರ ಆಗತಾನೇ ಒರೆಸಿದ ಹಾಗೆ ಫಳಫಳ ಹೊಳೆಯುತ್ತಿತ್ತು. ಒಳಗಿನಿಂದ ಲಾವಂಚದ ತಣ್ಣನೆಯ ವಾಸನೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ಕೊಳೆತ ಕಾರಿನಲ್ಲಿ!

ನಮ್ಮ ಆಫೀಸಿನಲ್ಲಿ ಹಳೇ ಕಾರುಗಳ ಹುಚ್ಚಿರುವ ಒಬ್ಬರಿದ್ದಾರೆ. ಬೆಲೆ ಕಟ್ಟಲಿ ಅಂತ ಅವರನ್ನು ಕರೆತಂದೆ. ಅವರು ಬಗ್ಗಿ ನೋಡಿದರು, ಬೆರಳಲ್ಲಿ ಕುಟ್ಟಿದರು, ಕುಟ್ಟಿದಲ್ಲೆಲ್ಲ ತೂತು ಬಿತ್ತು. "ಗುಜರಿಗೆ ಹಾಕಿ ಮೇಡಂ. ತೂಕಕ್ಕೆ ಎಷ್ಟು ಸಿಗುತ್ತೋ ಅಷ್ಟೇ ಇದರ ಬೆಲೆ" ಅಂದರು.

"ಒಳಗೆ ಕೂತು ಹೇಳಿ" ಅಂದರು ಅತ್ತೆ.

ಅವರು ಹಿಂದಿನ ಬಾಗಿಲು ತೆಗೆದು ಕೂತರು. ಕೂತಷ್ಟೇ ವೇಗವಾಗಿ ಹೊರಗೆ ಬಂದರು. ಮುಖದಲ್ಲಿ ರಕ್ತವಿಲ್ಲ.

"ಏನಾಯ್ತು ಸಾರ್?"

"ಯಾರೋ... ನನಗೆ ಜಾಗ ಮಾಡಿಕೊಡೋಕೆ ಸರಿದು ಕೂತಹಾಗಾಯ್ತು ಕಣ್ರೀ!"

"ನೋಡಿದ್ಯಾ, ಎಷ್ಟು ಮರ್ಯಾದಸ್ತರು!" ಅಂತ ಅತ್ತೆ ನನ್ನ ಕಡೆ ತಿರುಗಿದರು. "ಇದನ್ನ ತೂಕಕ್ಕೆ ಹಾಕ್ತಾರಂತೆ!" ತಜ್ಞರು ತಮಗೆ ಕೊಟ್ಟ ಕಾಫಿಯನ್ನೂ ಕುಡಿಯದೆ ಹೋದರು. ಈಗಲೂ ಆಫೀಸಿನಲ್ಲಿ ನನ್ನನ್ನು ಕಂಡರೆ ಬೇರೆ ಮೆಟ್ಟಿಲು ಹತ್ತುತ್ತಾರೆ.

ಎಂಜಿನ್ ರಿಪೇರಿಯಾಗುವವರೆಗೆ ಕಾರು ಅಂಗಳದಲ್ಲೇ ಇತ್ತು. ಅತ್ತೆ ದಿನಾ ಸಂಜೆ ಅದರ ಪಕ್ಕ ಕುರ್ಚಿ ಹಾಕಿಕೊಂಡು ಪೇಪರನ್ನು ಗಟ್ಟಿಯಾಗಿ ಓದೋರು. ಯಾರಿಗೆ ಅಂತ ನಾನು ಕೇಳಲಿಲ್ಲ. ಒಂದು ಮಧ್ಯಾಹ್ನ ಹೋದಾಗ ಬೀದಿ ಬೆಕ್ಕೊಂದು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಗುರುಗುಟ್ಟುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಅದರ ಬೆನ್ನಿನ ಕೂದಲು ತಲೆಯಿಂದ ಬಾಲದ ಕಡೆಗೆ ಮೆಲ್ಲಗೆ ಒತ್ತಿಕೊಳ್ಳುತ್ತಿತ್ತು. ಮತ್ತೆ ತಲೆಯಿಂದ ಬಾಲಕ್ಕೆ. ಕಾರಿನಲ್ಲಿ ಯಾರೂ ಇಲ್ಲ. ನಾನು ಮನೆಯೊಳಗೆ ಓಡಿದೆ.

"ಅತ್ತೆ, ಇದನ್ನ ವಾಪಸ್ ಕೊಟ್ಟುಬಿಡೋಣ."

"ಬೆಕ್ಕು ಹೆದರಿಲ್ಲ, ಎಂಎಸ್‌ಸಿ ಓದಿರೋ ನೀನು ಹೆದರ್ತೀಯಲ್ಲೋ!"

ಕೊನೆಗೊಂದು ಭಾನುವಾರ ಬೆಳಿಗ್ಗೆ ಕಾರು ಹೊರಟಿತು. ಮುಂದಿನ ಎಡ ಸೀಟಿನ ಸ್ಪ್ರಿಂಗ್ ಸರಿಯಿಲ್ಲ ಅಂತ ಅತ್ತೆ ನನ್ನನ್ನು ಹಿಂದೆ ಕೂರಿಸಿದರು. ನಾನು ಬಲಗಡೆ ಬಾಗಿಲಿಗೆ ಅಂಟಿಕೊಂಡು ಕೂತೆ. ಎಡಗಡೆ ಸೀಟು ಒಬ್ಬರು ಕೂತಷ್ಟು ಕುಸಿದೇ ಇತ್ತು. ಯಾದವಗಿರಿಯ ತಿರುವು ಬಂತು. ಎಡಗಡೆ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಅತ್ತೆ ನಿಲ್ಲಿಸಿ, ಇಳಿದು ಮುಚ್ಚಿದರು. ಮತ್ತೆ ತೆರೆಯಿತು.

"ಚಿಲಕ ಸಡಿಲ ಆಗಿರಬೇಕು" ಅಂದೆ.

"ಚಿಲಕ ಅಲ್ಲ ಕಣೋ. ಅವರಿಗೆ ಮನೆಗೆ ಹೋಗಬೇಕಾಗಿದೆ" ಅಂತ ಅತ್ತೆ ಸ್ಟೇರಿಂಗ್ ತಿರುಗಿಸಿದರು.

ಎಲೆ ಉದುರುವುದೂ ಕೇಳುವಷ್ಟು ಮೌನವಾದ ಬೀದಿ. ಯಜಮಾನರು ಆಗಲೇ ಗೇಟು ಹಿಡಿದು ನಿಂತಿದ್ದರು. ದೃಷ್ಟಿ ಹೆಚ್ಚುಕಡಿಮೆ ಹೋಗಿತ್ತು. ಎಂಜಿನ್ ಸದ್ದಿನಲ್ಲೇ ಕಾರನ್ನು ಗುರುತಿಸಿದ್ದರು.

"ಮದುವೆಯಾದಾಗಿನಿಂದ ನನ್ನ ಹೆಂಡತಿ ಅಲ್ಲೇ ಕೂರೋದು, ಹಿಂದೆ ಎಡಗಡೆ" ಅಂದರು. "ನಾನು ಡ್ರೈವರ್ ಥರ ಮುಂದೆ. ಅವಳು ಹೋದಮೇಲೂ ಜೊತೇಲಿ ಸುತ್ತಾಡ್ತಿದ್ವಿ. ಆಮೇಲೆ ನನ್ನ ಕಣ್ಣು ಹೋಯ್ತು. ಶೆಡ್ಡಲ್ಲಿ ಕೂತು ಕೂತು ಅವಳಿಗೆ ಬೇಜಾರಾಗಿರುತ್ತೆ, ಯಾರಾದ್ರೂ ಸುತ್ತಾಡಿಸಲಿ ಅಂತ ಕೊಟ್ಟೆ. ನೋಡೋಕೆ ಬಂದವರೆಲ್ಲ ತುಕ್ಕಿನ ಮಾತಾಡಿದ್ರು. ನೀವೊಬ್ಬರೇ ಅವಳನ್ನ ವಿಚಾರಿಸಿದ್ದು."

"ಅವರಿಗೆ ಬೇಜಾರಾಗಿರೋದು ನೀವಿಲ್ಲ ಅಂತ" ಅಂದರು ಅತ್ತೆ, ವಿದ್ಯಾರ್ಥಿಯ ಲೆಕ್ಕ ತಿದ್ದುವ ದನಿಯಲ್ಲಿ. "ಕಾರು ಅವರಿಗೆ ಬೇಕಾಗಿಲ್ಲ ಸಾರ್. ಬನ್ನಿ, ನೀವೇ ಕೈ ಕೊಟ್ಟು ಇಳಿಸಿಕೊಳ್ಳಿ."

ಯಜಮಾನರು ತಡವರಿಸುತ್ತ ಬಂದು ತೆರೆದ ಬಾಗಿಲೊಳಗೆ ಅಂಗೈ ಚಾಚಿದರು. ಎಷ್ಟೋ ಹೊತ್ತು ಹಾಗೇ ನಿಂತರು. ಆಮೇಲೆ ಅವರ ಬೆರಳುಗಳು ಮೆಲ್ಲಗೆ ಮಡಿಚಿಕೊಂಡವು, ಏನನ್ನೋ ಹಿಡಿದುಕೊಂಡ ಹಾಗೆ. ಸೀಟು 'ಟಂಕ್' ಅಂತ ಮೇಲೆದ್ದಿತು. "ಮೆಟ್ಟಿಲು, ನೋಡ್ಕೊಂಡು" ಅಂದರು ಯಜಮಾನರು. ನಮಗಲ್ಲ. ಏನೂ ಕಾಣದ ಮನುಷ್ಯ ಒಂದು ಸಲವೂ ಎಡವದೆ ಒಳಗೆ ನಡೆದರು.

ವಾಪಸ್ಸು ಬರುವಾಗ ಬಾಗಿಲು ತೆರೆಯಲಿಲ್ಲ. ಲಾವಂಚದ ವಾಸನೆಯಿಲ್ಲ. ಅದೀಗ ಬರೀ ಹಳೇ ಕಾರು. ಮನೆ ಮುಂದೆ ನಿಲ್ಲಿಸಿದ ಅತ್ತೆ ಇಳಿಯಲಿಲ್ಲ. ಕನ್ನಡಿಯಲ್ಲಿ ಅವರ ಮುಖ ಕಂಡಿತು. ಅಂಥ ಮುಖವನ್ನು ನಾನು ಯಾವತ್ತೂ ನೋಡಿರಲಿಲ್ಲ.

"ನಿಮ್ಮ ಮಾವ ಹೋದಮೇಲೆ ಎಷ್ಟು ಕಾದೆ ಗೊತ್ತೇನೋ? ಒಂದು ಬಾಗಿಲೂ ಕಿರುಗುಟ್ಟಲಿಲ್ಲ" ಅಂದರು. "ನಮ್ಮ ಮನೇಲಿ ಮಾತ್ರ ಯಾರೂ ಉಳ್ಕೊಳ್ಳಲಿಲ್ಲ ಕಣೋ. ಇವರಾದ್ರೂ ಇದ್ರಲ್ಲ ಅಂತಿದ್ದೆ. ಇಟ್ಕೋಬಹುದಿತ್ತು. ಮನಸ್ಸು ಬರಲಿಲ್ಲ."

ನಾನು ಇಳಿದು ಹೋಗಿ, ಸ್ಪ್ರಿಂಗ್ ಚುಚ್ಚಿದರೆ ಚುಚ್ಚಲಿ ಅಂತ ಮುಂದಿನ ಸೀಟಿನಲ್ಲಿ ಅವರ ಪಕ್ಕ ಕೂತೆ. ಅತ್ತೆ ಸ್ಟೇರಿಂಗ್ ಬಿಟ್ಟು ನನ್ನ ಕೈ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು. ಅದು ಬೆಚ್ಚಗಾಗುವವರೆಗೂ ಇಬ್ಬರೂ ಅಲ್ಲೇ ಕೂತಿದ್ದೆವು.